ಕಾಮಸಮುದ್ರದ ಇಬ್ಬಂದಿ

ಬೆಳಗಾಗುವಷ್ಟರಲ್ಲಿ ಅಂಜಮ್ಮನ ಕೊಟ್ಟಿಗೆ ಖಾಲಿ. ಏಳು ಗಂಟೆಗೆ ಹಸು ಸಿಕ್ಕಿತು, ಮೈದುನ ಬೈರಪ್ಪನ ಬಣವೆಯ ಹಿಂದೆ. ಊರೆಲ್ಲ ನೋಡುತ್ತಿರುವಾಗಲೇ ಅಂಜಮ್ಮ ಬೈರಪ್ಪನ ತಲೆಗೆ ಬೊಗಸೆ ಮಣ್ಣು ತೂರಿದಳು.

"ನಿನ್ನ ಮನೆ ಆಳಾಗೋಗ! ನಾಳೆ ರಾಜಿ ಅಂದ್ಬಿಟ್ಟು ಇವತ್ತು ಹಸೂನೇ ಒಡ್ಕೊಂಡೋಗ್ತೀಯಾ?"

"ನಂಗೊತ್ತಿಲ್ಲ ಅತ್ತಿಗೆ," ಎಂದ ಬೈರಪ್ಪ. ಮಣ್ಣು ಕೊಡವಿಕೊಳ್ಳಲಿಲ್ಲ.

ಎರಡೆಕರೆ ಹೊಲಕ್ಕಾಗಿ ಇಬ್ಬರೂ ಒಂಬತ್ತು ವರ್ಷ ಬಂಗಾರಪೇಟೆ ಕೋರ್ಟಿಗೆ ಅಲೆದಿದ್ದರು. ಕೊನೆಗೂ ಒಪ್ಪಿದ್ದ ರಾಜಿ ಮುರಿದು ಬೀಳುತ್ತಿತ್ತು. ದೂರು ಕೇಳಿ ಬಂದ ಸಬ್ ಇನ್‌ಸ್ಪೆಕ್ಟರ್ ರೂಪ ಇಬ್ಬರ ನಡುವೆ ನಿಂತಳು.

ಹಾಲಿನ ಡೈರಿ ಸೆಕ್ರೆಟರಿ ಗಿರಿ ಕುಂಟುತ್ತಾ ಬಂದ. ಎರಡೂ ಮನೆಗೆ ಬೇಕಾದವನು. ಕೇಸು ಮುಗಿಯುವ ತನಕ ಆ ಹೊಲ ಉಳುತ್ತಿದ್ದವನೂ ಅವನೇ.

"ನಂದು ಇಬ್ಬಂದಿ ಮೇಡಂ. ಆ ಕಡೆ ಬೈರಣ್ಣ, ಈ ಕಡೆ ಅಂಜಮ್ಮಕ್ಕ. ಯಾರ ಪರ ಮಾತಾಡ್ಲಿ?"

ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ತಮಿಳು ಪೇದೆ ಸೆಲ್ವರಾಜ್ ಮೆಲ್ಲಗೆ ಕೇಳಿದ: "ಇಬ್ಬಂದಿ ಅಂದ್ರೆ ಏನು ಮೇಡಂ?"

"ಎರಡು ಕಡೆಯಿಂದಲೂ ಎಳೆತ. ನಡುವೆ ಸಿಕ್ಕಿ ಒದ್ದಾಡೋದು."

* * *

ರೂಪ ಅಂಜಮ್ಮನೊಬ್ಬಳನ್ನೇ ಹಸುವಿನ ಬಳಿಗೆ ಕರೆದೊಯ್ದಳು. ಅದರ ಕೆಚ್ಚಲು ಬರಿದಾಗಿತ್ತು.

"ಯಾರೋ ಕರ್ದವ್ರೆ," ಎಂದಳು ಅಂಜಮ್ಮ. "ನನ್ನ ಬಿಟ್ರೆ ಯಾರೂ ಕರ್ದಿಲ್ಲ ಇದನ್ನ. ಊರೋರೆಲ್ಲ ಎಡಕ್ಕೆ ಕೂತ್ಕತಾರೆ. ನಾನು ಎಡಚಿ, ಬಲಕ್ಕೆ ಕೂತ್ಕತೀನಿ. ಎಡಕ್ಕೆ ಕೂತ್ರೆ ಒದೀತದೆ."

"ಇದನ್ನ ಯಾರಿಗೂ ಹೇಳ್ಬೇಡಮ್ಮ," ಎಂದಳು ರೂಪ.

* * *

ಸಂಜೆ ರೂಪ ಮೊದಲು ಬೈರಪ್ಪನೊಬ್ಬನನ್ನೇ ಬಣವೆಯ ಬಳಿಗೆ ಕರೆಸಿ ಹಾಲು ಕರೆಯಲು ಹೇಳಿದಳು. ಅವನು ಎಡಕ್ಕೆ ಕೂತ. ಹಸು ಬಕೆಟ್ಟು ಹಾರುವಂತೆ ಒದೆಯಿತು.

ಆಮೇಲೆ ಗಿರಿ ಬಂದ. "ಅಂಜಮ್ಮನಿಗೆ ಕೈ ನೋವಂತೆ. ನೀವೇ ಹಾಲು ಕರೆದುಬಿಡಿ," ಎಂದಳು ರೂಪ.

ಗಿರಿ ಬಕೆಟ್ಟು ಹಿಡಿದು ಹಸುವನ್ನು ಸುತ್ತಿಹೋಗಿ ನೇರ ಬಲಕ್ಕೆ ಕೂತ. ಅಂಜಮ್ಮ ರೂಪಳ ಕಡೆ ತಿರುಗಿದಳು.

"ಎಲ್ಲಿ, ಮಂಡಿ ತೋರಿಸಿ," ಎಂದಳು ರೂಪ ಗಿರಿಗೆ.

ಮಂಡಿ ಊದಿ ಕಪ್ಪಾಗಿತ್ತು.

"ಕೆಚ್ಚಲು ತುಂಬಿದ ಹಸು ಹಾಲಿನ ಹೊತ್ತಿಗೆ ಸರಿಯಾಗಿ ಕೂಗುತ್ತೆ, ಬೈರಪ್ಪನವರು ಎದ್ದು ಬರ್ತಾರೆ. ಅದಕ್ಕೇ ಹಾಲು ಕರೆದು ಇಲ್ಲಿ ಕಟ್ಟಿದ್ರಿ. ಎಡಕ್ಕೆ ಕೂತು ಒದೆ ತಿಂದ ಮೇಲೆ ಬಲಗಡೆ ಗೊತ್ತಾಯ್ತು. ರಾಜಿಯಾದ್ರೆ ಹೊಲ ಕೈತಪ್ಪುತ್ತಿತ್ತು, ಅಲ್ವಾ?"

ಗಿರಿ ಪಂಚೆ ಇಳಿಸಿ ಮಂಡಿ ಮುಚ್ಚಿಕೊಂಡ.

"ಇದೇನಾ ಮೇಡಂ ಇಬ್ಬಂದಿ?" ಎಂದ ಸೆಲ್ವರಾಜ್.

"ಅಲ್ಲ. ಇದು ಇಬ್ಬಂದಿತನ. ಎರಡೂ ಮನೇಲಿ ಉಂಡು ಎರಡಕ್ಕೂ ಬೆಂಕಿ ಇಡೋದು."

ಬೈರಪ್ಪ ಹಸುವಿನ ಹಗ್ಗ ಬಿಚ್ಚಿ ಅತ್ತಿಗೆಯ ಕೈಗಿಟ್ಟ. ಅವನ ಕೂದಲಲ್ಲಿ ಮಣ್ಣು ಹಾಗೇ ಇತ್ತು.

"ತಪ್ಪಾಯ್ತು ಬೈರಪ್ಪ. ನಾಳೆ ಕೋರ್ಟಿಗೆ..."

"ನಾ ಬರಲ್ಲ ಅತ್ತಿಗೆ. ಗಿರಿ ಹಸೂನ ತಂದು ಕಟ್ಟಿದ, ಅಷ್ಟೇ. ನಾನು ಕಳ್ಳ ಅನ್ನೋದು ನಿನ್ನ ಮನಸಲ್ಲಿ ಮೊದಲೇ ಇತ್ತು."

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.