ಹಿಟ್ಟಕ್ಕನಿಗೆ ಘಮ ತಿಳಿಯದು

“ಕಡ್ಡಿ ಗೀರಬೇಡಿ!”

ಬಾಗಿಲು ಗೋಡೆಗೆ ಬಡಿದ ರಭಸಕ್ಕೆ ಬೆಂಕಿಪೊಟ್ಟಣ ಅವಳ ಕೈಯಿಂದ ಜಾರಿ ಬಿತ್ತು. ಎತ್ತರದ ಗಂಡಸೊಬ್ಬ ಅಡುಗೆಮನೆಗೆ ನುಗ್ಗಿ, ಸಿಲಿಂಡರಿನ ತಿರುಪನ್ನು ತಿರುಗಿಸಿ, ಕಿಟಕಿಗಳನ್ನೆಲ್ಲ ತೆರೆದ. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಅವಳ ಮಣಿಕಟ್ಟು ಹಿಡಿದು ಅಂಗಳಕ್ಕೆ ಎಳೆದು ತಂದ.

ಅವನ ಎದೆ ಏರಿಳಿಯುತ್ತಿತ್ತು. ಕಣ್ಣಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

“ಗ್ಯಾಸ್ ವಾಸನೆ ಮೇಲಿನ ಮನೆವರೆಗೂ ಬರ್ತಿದೆ. ಮೂಗಿಲ್ವಾ ನಿಮಗೆ?”

ಅವಳ ಎದೆ ಧಸಕ್ಕೆಂದಿತು. ಇವನಿಗೆ ಗೊತ್ತಾಗಿಹೋಯಿತೇ? ಇಲ್ಲ... ಸಿಟ್ಟಿನಲ್ಲಿ ಯಾರಾದರೂ ಆಡುವ ಮಾತು ಅಷ್ಟೇ.

“ಶೀತ ಆಗಿದೆ. ಗೊತ್ತಾಗ್ಲಿಲ್ಲ,” ಎಂದಳು.

“ನಿನ್ನೆ ತಾನೇ ಮೇಲಿನ ಮನೆಗೆ ಬಂದಿದೀವಿ. ನನ್ನ ಮಗಳು ಅಲ್ಲಿ ಒಬ್ಳೇ ಇದಾಳೆ,” ಎಂದವನು ಮೆಟ್ಟಿಲು ಹತ್ತಿ ಹೋದ. ಅವನ ಬೆರಳಿನ ಗುರುತು ಅವಳ ಮಣಿಕಟ್ಟಿನ ಮೇಲೆ ಕೆಂಪಗೆ ಉಳಿಯಿತು.

ಶೀತ ಆಗಿರಲಿಲ್ಲ. ಹಿಂದಿನ ವರ್ಷ ಬಂದ ಜ್ವರ ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ಉಪ್ಪು, ಸಿಹಿ, ಹುಳಿ ನಾಲಿಗೆಗೆ ಸಿಗುತ್ತಿದ್ದವು. ಘಮ ಮಾತ್ರ ಇಲ್ಲ. ವಾಪಸ್ ಬರಬಹುದು, ಬಾರದೆಯೂ ಇರಬಹುದು ಎಂದಿದ್ದರು ವೈದ್ಯರು.

ಅದಕ್ಕೆ ಮೊದಲು ಅವಳು ದೊಡ್ಡ ಬೇಕರಿಯೊಂದರಲ್ಲಿ ಓವನ್ ನೋಡಿಕೊಳ್ಳುತ್ತಿದ್ದಳು. ಬ್ರೆಡ್ಡು ಬೆಂದದ್ದನ್ನು ಪಕ್ಕದ ಕೋಣೆಯಲ್ಲಿ ಕೂತೇ ಹೇಳುವಷ್ಟು ಚುರುಕು ಮೂಗು. ಜ್ವರದ ನಂತರ ತಟ್ಟೆಗಟ್ಟಲೆ ಬನ್ನು ಕರಕಲಾದವು. ‘ಗಮನ ಎಲ್ಲೋ ಇದೆ ನಿಂದು’ ಎಂದು ಮಾಲೀಕ ಕೆಲಸದಿಂದ ತೆಗೆದ. ನಿಜ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಮೂಗಿಲ್ಲದ ಅಡುಗೆಯವಳನ್ನು ಯಾರು ಕರೆದಾರು?

ಆಮೇಲೆ ಶುರುವಾದದ್ದು ಮಕ್ಕಳ ಅಡುಗೆ ಕ್ಲಾಸು. ಶಾಲೆ ಬಿಟ್ಟ ಮೇಲೆ ಬೀದಿಯ ಮಕ್ಕಳು ಅವಳ ಅಡುಗೆಮನೆಗೆ ಬರುತ್ತಿದ್ದರು. ಕೈ ತೊಳೆದು, ಹಿಟ್ಟು ನಾದಿ, ಬಿಸ್ಕತ್ತು ಒತ್ತಿ, ಗೋಡೆಗೂ ಮೂಗಿಗೂ ಬಳಿದುಕೊಂಡು ಮನೆಗೆ ಹೋಗುತ್ತಿದ್ದರು. ಅವರ ಬಾಯಲ್ಲಿ ಅವಳ ಹೆಸರು ಹಿಟ್ಟಕ್ಕ ಎಂದಾಯಿತು. ಮಕ್ಕಳು ಸುಮ್ಮನೆ ಕೂರುವ ಪೈಕಿ ಅಲ್ಲವಲ್ಲ... ‘ಹಿಟ್ಟಕ್ಕ, ಬೆಣ್ಣೆ ಘಮ್ ಅಂತಿದೆ’, ‘ಹಿಟ್ಟಕ್ಕ, ಏನೋ ಸೀದ ವಾಸನೆ’ ಎಂದು ಕೂಗಿ ಹೇಳುತ್ತಿದ್ದರು. ಕಣ್ಣು ಕಟ್ಟಿ ವಾಸನೆ ಹೇಳುವ ಆಟವನ್ನೂ ಅವಳು ಕಲಿಸಿದಳು. ಮಕ್ಕಳಿಗೆ ಅದು ಪಾಠ, ಅವಳಿಗೆ ಆಸರೆ. ಗುಟ್ಟು ಮಾತ್ರ ಯಾರಿಗೂ ತಿಳಿಯಲಿಲ್ಲ.

ಗ್ಯಾಸಿನ ಗಲಾಟೆಯಾದ ವಾರದಲ್ಲೇ ಮೇಲಿನ ಮನೆಯ ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ಎಂಟು ವರ್ಷದ ಪೋರಿ. ಮಾತು ಖಾರ, ಆಕಾರ ಪುಟ್ಟದು, ಅದಕ್ಕೇ ಎಲ್ಲರೂ ಮೆಣಸು ಎಂದು ಕರೆಯುತ್ತಿದ್ದರು. ತಾಯಿ ಕಾಯಿಲೆಯಿಂದ ತೀರಿಹೋದ ಮೇಲೆ ಅಪ್ಪನೇ ಅವಳಿಗೆ ಎಲ್ಲ. ಅಪ್ಪ ಸಿಟಿ ಬಸ್ಸಿನ ಡ್ರೈವರ್.

“ಅಪ್ಪ ಬೇಡ ಅಂದ್ರು. ನಾನು ಹಠ ಮಾಡ್ದೆ. ಅವರು ಸೋತ್ರು,” ಎಂದಳು ಮೆಣಸು.

“ಕಾಲು ಕಪ್ಪು ಸಕ್ಕರೆ ಹಾಕು ನೋಡೋಣ,” ಎಂದಳು ಹಿಟ್ಟಕ್ಕ.

“ಕಪ್ಪಿಗೆ ಎಲ್ಲಿದೆ ಕಾಲು?”

ಮಕ್ಕಳೆಲ್ಲ ನಕ್ಕರು. ಹಿಟ್ಟಕ್ಕ ಒಂದು ಬನ್ನು ತಂದು ನಡುವೆ ಕತ್ತರಿಸಿದಳು, ಅರ್ಧವನ್ನು ಮತ್ತೆ ಕತ್ತರಿಸಿದಳು. “ಈಗ ಹೇಳು, ಅರ್ಧ ಬೇಕಾ, ಕಾಲು ಬೇಕಾ?”

ಮೆಣಸು ಚೂರುಗಳನ್ನೇ ದಿಟ್ಟಿಸಿದಳು. “ಮುಕ್ಕಾಲು,” ಎಂದು ಮೂರು ಚೂರು ಎತ್ತಿಕೊಂಡಳು.

ಲೆಕ್ಕದಲ್ಲಿ ದಡ್ಡಿ ಎಂದು ಶಾಲೆಯಲ್ಲಿ ಹೆಸರು ಪಡೆದಿದ್ದ ಹುಡುಗಿ ಅವಳೇ.

ದಿನ ಕಳೆದಂತೆ ಡ್ರೈವರ್ ಮಗಳನ್ನು ಕರೆದೊಯ್ಯಲು ಬೇಗ ಬರತೊಡಗಿದ. ಮೊದಮೊದಲು ಬಾಗಿಲಲ್ಲೇ ಬಿಗಿದುಕೊಂಡು ನಿಲ್ಲುತ್ತಿದ್ದ. ಆಮೇಲೆ ಮಕ್ಕಳು ಕೊಟ್ಟ ಸೊಟ್ಟ ಬಿಸ್ಕತ್ತು ತಿನ್ನುತ್ತಾ ಒಳಗೆ ಕೂತ. ಆಮೇಲೆ ಯಾರೂ ಹೇಳದೆಯೇ ತೋಳು ಮಡಚಿ ಪಾತ್ರೆ ತೊಳೆಯಲು ನಿಂತ.

ಒಂದು ಸಂಜೆ, ಕೈಯೊರೆಸಿಕೊಳ್ಳುತ್ತಾ, ಅವಳ ಕಡೆ ನೋಡದೆ ಅಂದ:

“ನನ್ನ ಬಟ್ಟೆಯಿಂದ ಡೀಸೆಲ್ ವಾಸನೆ ಹೋಗಲ್ಲ. ನಮ್ಮಕ್ಕನೇ ದೂರ ಕೂರ್ತಾಳೆ. ನೀವು ಒಂದಿನಾನೂ ಮುಖ ಸಿಂಡರಿಸ್ಲಿಲ್ಲ.”

‘ಹೇಳು... ಈಗಲಾದರೂ ಹೇಳು’ ಎಂದಿತು ಅವಳ ಮನಸ್ಸು. ಆದರೆ ಅವನ ಕಣ್ಣಲ್ಲಿ ಅವಳ ಬಗ್ಗೆ ಮೂಡಿದ್ದ ಬೆಳಕನ್ನು ತನ್ನ ಕೈಯಾರೆ ಆರಿಸುವುದಾದರೂ ಹೇಗೆ?

“ನನಗೇನೂ ಅನ್ಸಲ್ಲ,” ಎಂದಳು. ಸುಳ್ಳಲ್ಲ. ನಿಜವೂ ಅಲ್ಲ.

ಆ ಹೊತ್ತಿಗಾಗಲೇ ಅವನ ಮಗಳಿಗೆ ಗುಟ್ಟು ಗೊತ್ತಾಗಿತ್ತು. ಹಾಲಿನ ಪಾತ್ರೆಯ ಮೇಲೆ ಬಗ್ಗಿ ನಿಂತಿದ್ದರೂ ಹಿಟ್ಟಕ್ಕ ತಳ ಹಿಡಿದದ್ದನ್ನು ಗಮನಿಸಿರಲಿಲ್ಲ. ಮೆಣಸು ಒಲೆ ಆರಿಸಿ, ಅವಳ ಮುಖವನ್ನೇ ನೋಡಿ ಕೇಳಿದ್ದಳು:

“ನಿಮಗೆ ವಾಸನೆ ಬರಲ್ಲ ಅಲ್ವಾ?”

“ಬರಲ್ಲ ಪುಟ್ಟಿ.”

“ಹಾಗಾದ್ರೆ ನಾನೇ ನಿಮ್ಮ ಮೂಗು.”

“ಬೇಡಮ್ಮ. ನೀನು ಕಲಿಯೋಕೆ ಬರೋಳು. ಅದು ನಿನ್ನ ಕೆಲ್ಸ ಅಲ್ಲ.”

ಮೆಣಸು ಕೇಳಲಿಲ್ಲ. ದಿನವೂ ಒಲೆಯ ಪಕ್ಕ ಸ್ಟೂಲು ಹಾಕಿಕೊಂಡು, ಪ್ರತಿಯೊಂದನ್ನೂ ಮೂಸಿ ತಲೆಯಾಡಿಸಿದಳು. ಹಿಟ್ಟಕ್ಕ ಒಂದಷ್ಟು ದಿನ ಬೇಡ ಎಂದಳು. ಆಮೇಲೆ ಬೇಡ ಎನ್ನುವುದನ್ನೂ ಬಿಟ್ಟಳು.

ಅಲ್ಲೇ ಅವಳು ಎಡವಿದ್ದು.

ಅಂದು ಕ್ಲಾಸಿಗೆ ಬಂದಿದ್ದವರು ಮೂವರೇ. ಮೆಣಸು ಮತ್ತು ಪಕ್ಕದ ಮನೆಯ ಅವಳಿ ಹುಡುಗರು. ಹಿಂದಿನ ದಿನ ಬೇಯಿಸಿಟ್ಟ ಕೋಳಿಮಾಂಸವನ್ನು ಬಿಡಿಸಿ ಬ್ರೆಡ್ಡಿನ ನಡುವೆ ತುಂಬುವುದು ಪಾಠ. ಹಿಟ್ಟಕ್ಕ ಹೊರಗೆ ಹೋಗಿದ್ದಾಗ ಕರೆಂಟು ಹೋಗಿ, ಫ್ರಿಜ್ಜು ಬಹಳ ಹೊತ್ತು ನಿಂತೇ ಹೋಗಿದ್ದು ಅವಳಿಗೆ ತಿಳಿದಿರಲಿಲ್ಲ.

“ಏನೋ ಒಂಥರಾ ವಾಸನೆ,” ಎಂದ ಅವಳಿಗಳಲ್ಲಿ ದೊಡ್ಡವನು.

ಹಿಟ್ಟಕ್ಕ ತಿರುಗಿ ಮೆಣಸಿನ ಕಡೆ ನೋಡಿದಳು. ಮೆಣಸು ಬಟ್ಟಲಿಗೆ ಮುಖವಿಟ್ಟು ಜೋರಾಗಿ ಉಸಿರೆಳೆದಳು.

“ಚೆನ್ನಾಗೇ ಇದೆ. ಅವನಿಗೆ ತಿನ್ನೋಕೆ ಸೋಮಾರಿತನ,” ಎಂದಳು.

ದೊಡ್ಡವನು ಮುಟ್ಟಲಿಲ್ಲ. ಚಿಕ್ಕವನು ಒಂದು ತುತ್ತು ತಿಂದ. ಮೆಣಸು ತನ್ನ ಮಾತನ್ನು ನಿಜ ಮಾಡಲು ಎರಡು ಬ್ರೆಡ್ಡು ತಿಂದಳು.

ಸಂಜೆಯ ಹೊತ್ತಿಗೆ ಅವಳು ಆಸ್ಪತ್ರೆಯ ಮಂಚದ ಮೇಲಿದ್ದಳು. ತುಟಿ ಒಣಗಿ, ಕಣ್ಣು ಗುಳಿಬಿದ್ದು, ಕೈಗೆ ಡ್ರಿಪ್ಪು. ಹಿಟ್ಟಕ್ಕನೂ ರುಚಿ ನೋಡಿದ್ದಳು. ಹೊಟ್ಟೆ ಹಿಂಡುತ್ತಿದ್ದರೂ ಯಾರಿಗೂ ಹೇಳದೆ ಕಾರಿಡಾರಿನ ಗೋಡೆ ಹಿಡಿದು ನಿಂತಿದ್ದಳು. ‘ಈ ಮಗುವಿಗೆ ಏನಾದರೂ ಆದರೆ ನಾನು ಬದುಕಿದ್ದೂ ಸತ್ತಂತೆ’ ಎಂದು ಅವಳ ಜೀವ ಒಳಗೇ ಒದ್ದಾಡುತ್ತಿತ್ತು.

ಡ್ರೈವರ್ ಬಸ್ಸಿನಿಂದ ನೇರ ಓಡಿ ಬಂದ. ಅಪ್ಪನನ್ನು ಕಂಡದ್ದೇ ಮೆಣಸಿನ ಬಾಯಿಂದ ಎಲ್ಲ ಹೊರಬಿತ್ತು.

“ಹಿಟ್ಟಕ್ಕಂಗೆ ಬೈಬೇಡಿ ಅಪ್ಪ. ಅವರಿಗೆ ವಾಸನೆ ಬರಲ್ಲ. ನಾನೇ ಅವರ ಮೂಗು. ಇವತ್ತು ನನಗೆ ಶೀತ ಆಗಿ ಮೂಗು ಕಟ್ಟಿತ್ತು... ಹೇಳಿದ್ರೆ ಅವರಿಗೆ ಕಷ್ಟ ಆಗುತ್ತೆ ಅಂತ ಹೇಳ್ಲಿಲ್ಲ. ತಪ್ಪು ನಂದೇ.”

ಅವನು ಹೊರಗೆ ಬಂದು ಅವಳ ಎದುರು ನಿಂತ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

“ಅದಕ್ಕೇ ನೀವು ಮುಖ ಸಿಂಡರಿಸ್ಲಿಲ್ಲ.”

“ನಾನು...”

“ನನ್ನ ಮಗಳ ಮೇಲೆ ನಿಮಗೆ ಪ್ರೀತಿ ಅಂದ್ಕೊಂಡಿದ್ದೆ. ನಿಮಗೆ ಬೇಕಾಗಿದ್ದು ಅವಳ ಮೂಗು. ಅವಳನ್ನ ಕೆಲಸಕ್ಕಿಟ್ಕೊಂಡ್ರಿ.”

ಅರ್ಧ ಆರೋಪ ಸುಳ್ಳು. ಉಳಿದರ್ಧ ನಿಜ. ಯಾವುದನ್ನು ಮೊದಲು ಹೇಳುವುದು?

“ಇನ್ಮೇಲೆ ಅವಳ ಕಣ್ಣಿಗೆ ಬೀಳ್ಬೇಡಿ,” ಎಂದು ಅವನು ಒಳಗೆ ಹೋದ.

ಹಿಟ್ಟಕ್ಕ ನೇರ ಅವಳಿಗಳ ಮನೆಗೆ ಹೋಗಿ, ಅವರ ತಾಯಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಚಿಕ್ಕವನು ಒಮ್ಮೆ ವಾಂತಿ ಮಾಡಿ ಸುಧಾರಿಸಿಕೊಂಡಿದ್ದ. ಆ ತಾಯಿ ಬಾಗಿಲು ಹಾಕಿಕೊಂಡಳು. ಹಿಟ್ಟಕ್ಕ ಉಳಿದ ಮನೆಗಳಿಗೂ ಹೋದಳು. ಕೆಲವರು ಬೈದರು, ಕೆಲವರು ಅಯ್ಯೋ ಎಂದರು. ಮಕ್ಕಳನ್ನು ಯಾರೂ ಕಳಿಸಲಿಲ್ಲ. ಮನೆ ಓನರಮ್ಮ ತಿಂಗಳ ಕೊನೆಗೆ ಖಾಲಿ ಮಾಡು ಎಂದರು.

ಸದ್ದಿಲ್ಲದ ಅಡುಗೆಮನೆಯಲ್ಲಿ ಅವಳು ತಟ್ಟೆ, ಅಚ್ಚು, ಸೌಟುಗಳನ್ನು ಡಬ್ಬಕ್ಕೆ ತುಂಬಿದಳು. ಮೇಲಿಂದ ಅವನ ಹೆಜ್ಜೆ ಸದ್ದು ಕೇಳಿದಾಗಲೆಲ್ಲ ಕೈ ನಿಂತುಹೋಗುತ್ತಿತ್ತು. ಯಾರಿಗೂ ಬೇಡವಾದ ಮೇಲೂ ಈ ಪ್ರೀತಿ ಯಾಕೆ ಸಾಯುವುದಿಲ್ಲ? ಎಲ್ಲಿಗೆ ಹೋಗುವುದು, ಏನು ಮಾಡುವುದು?

ಆಗ ಕಿಟಕಿಯಲ್ಲಿ ಅವಳಿಗಳ ದೊಡ್ಡವನು ಇಣುಕಿದ.

“ಮೆಣಸು ಮನೆಗೆ ಬಂದಿದಾಳೆ. ಆದ್ರೆ ಅಡುಗೆಮನೆಗೆ ಕಾಲಿಡಲ್ವಂತೆ. ‘ನಾನು ಮುಟ್ಟಿದ್ರೆ ಎಲ್ರೂ ಸಾಯ್ತಾರೆ’ ಅಂತ ಅಳ್ತಾಳೆ.”

ಹಿಟ್ಟಕ್ಕನ ಕೈಯಲ್ಲಿದ್ದ ಡಬ್ಬ ನೆಲಕ್ಕೆ ಬಿತ್ತು. ತನ್ನ ಹೊರೆಯನ್ನು ಆ ಪುಟ್ಟ ಜೀವ ಹೊತ್ತುಕೊಂಡು ಕೂತಿದೆಯಲ್ಲ. ಕಣ್ಣಿಗೆ ಬೀಳಬೇಡಿ ಎಂದ ಮಾತು ನೆನಪಿತ್ತು. ಆದರೂ ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದವನ ಮುಖ ಬಿಗಿಯಿತು.

“ಕ್ಷಮೆ ಕೇಳೋಕೆ ಬಂದಿಲ್ಲ. ಅವಳಿಗೆ ಒಂದು ಮಾತು ಹೇಳ್ಬೇಕು. ನೀವೂ ಇಲ್ಲೇ ನಿಂತು ಕೇಳಿ. ಹೇಳಿ ಹೋಗ್ಬಿಡ್ತೀನಿ.”

ಅವನು ಪಕ್ಕಕ್ಕೆ ಸರಿದ.

ಮೆಣಸು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಿಟ್ಟಕ್ಕ ನೆಲದ ಮೇಲೆ ಕೂತಳು.

“ಪುಟ್ಟಿ, ಅಡುಗೆಮನೆಯಲ್ಲಿ ನಿನ್ನ ಕೆಲ್ಸ ಏನು?”

“ಮೂಸೋದು.”

“ಅಲ್ಲ. ಹಿಟ್ಟು ಚೆಲ್ಲೋದು, ಅಳತೆ ತಪ್ಪೋದು, ನಗೋದು, ಕಲಿಯೋದು. ಮಾಂಸ ಕೆಟ್ಟಿದೆಯಾ ಅಂತ ನೋಡೋದು ದೊಡ್ಡವರ ಕೆಲ್ಸ. ನನ್ನ ಕೆಲ್ಸ ನಾನು ಮಾಡ್ಲಿಲ್ಲ. ನಾಚಿಕೆಗೆ ಗುಟ್ಟು ಮಾಡಿ, ಅದನ್ನ ನಿನ್ನ ತಲೆ ಮೇಲೆ ಹೊರಿಸ್ದೆ. ತಪ್ಪು ಪೂರ್ತಿ ನಂದು.”

“ಅರ್ಧ ನಂದು...”

“ಅರ್ಧ ಇಲ್ಲ. ಕಾಲೂ ಇಲ್ಲ.”

ಮೆಣಸು ತಿರುಗಿದಳು. ಹಿಟ್ಟಕ್ಕನಿಗೆ ಅವಳನ್ನು ಎದೆಗೆ ಅವಚಿಕೊಳ್ಳಬೇಕೆನಿಸಿತು. ಆ ಹಕ್ಕು ತನಗೆಲ್ಲಿದೆ ಎಂದುಕೊಂಡು, ಎದ್ದು, ಯಾರ ಮುಖವನ್ನೂ ನೋಡದೆ ಕೆಳಗಿಳಿದಳು.

ಮನೆ ಖಾಲಿ ಮಾಡುವ ದಿನ ಬಂತು. ಗಾಡಿ ಬೀದಿಯಲ್ಲಿ ನಿಂತಿತ್ತು. ಕೊನೆಯ ಡಬ್ಬಕ್ಕೆ ಹಗ್ಗ ಕಟ್ಟುತ್ತಿದ್ದಾಗ ಬಾಗಿಲಲ್ಲಿ ಡ್ರೈವರ್ ನಿಂತಿದ್ದ. ಅಂಗಿಯ ತುಂಬಾ ಹಿಟ್ಟು, ಹುಬ್ಬಿಗೆ ಮೊಟ್ಟೆಯ ಲೋಳೆ.

“ಮೇಲೆ ಬರ್ತೀರಾ? ಮೆಣಸು ನನಗೆ ಪಾಠ ಮಾಡ್ತಿದಾಳೆ. ನಾನು ಫೇಲಾಗ್ತಿದೀನಿ.”

ಅವಳ ಕಾಲುಗಳು ಹೇಗೆ ಮೆಟ್ಟಿಲು ಹತ್ತಿದವೋ ಅವಳಿಗೇ ತಿಳಿಯಲಿಲ್ಲ.

ಅವನ ಅಡುಗೆಮನೆ ರಣರಂಗವಾಗಿತ್ತು. ಸ್ಟೂಲಿನ ಮೇಲೆ ನಿಂತ ಮೆಣಸು, “ಅಪ್ಪಂಗೆ ಮುಕ್ಕಾಲು ಅಂದ್ರೆ ಗೊತ್ತಿಲ್ಲ ಹಿಟ್ಟಕ್ಕ,” ಎಂದು ದೂರಿದಳು. ಮತ್ತೆ ಹಿಟ್ಟಿಗೆ ಕೈ ಹಾಕಿ, ನಾಲಿಗೆ ಕಚ್ಚಿಕೊಂಡು ನಾದತೊಡಗಿದಳು. ಆ ಕೈಗಳನ್ನು ನೋಡಿದ ಹಿಟ್ಟಕ್ಕನ ಕಣ್ಣು ತುಂಬಿ ಬಂತು.

ಡ್ರೈವರ್ ಅವಳನ್ನು ಕಿಟಕಿಯ ಬಳಿಗೆ ಕರೆದ.

“ಎಲ್ಲಾ ಹೇಳಿದ್ಲು. ನೀವು ಬೇಡ ಅಂದಿದ್ದು, ಇವಳು ಹಠ ಮಾಡಿದ್ದು. ಅವತ್ತು ನಾನು ಅಷ್ಟು ಕೆಟ್ಟದಾಗಿ ಮಾತಾಡಬಾರ್ದಿತ್ತು.”

“ಆದ್ರೆ ಆಮೇಲೆ ಒಪ್ಕೊಂಡಿದ್ದು ನಾನೇ. ಅದು ಹೋಗಲ್ಲ.”

“ಹೋಗಲ್ಲ. ಅದಕ್ಕೆ ಇನ್ನೂ ಸಿಟ್ಟಿದೆ ನನಗೆ.” ಅವನ ದನಿ ಒಡೆಯಿತು. “ಅವಳಮ್ಮ ಹೋದ್ಮೇಲೆ ಅವಳನ್ನೂ ಕಳ್ಕೊಂಡೆ ಅನ್ನಿಸ್ಬಿಟ್ಟಿತ್ತು. ಆದ್ರೆ ಕೆಳಗಡೆ ನೀವು ಡಬ್ಬ ಎಳೆಯೋ ಸದ್ದು ಕೇಳ್ತಿದ್ರೆ ಕೂರೋಕಾಗ್ತಿಲ್ಲ. ಓನರಮ್ಮನ ಹತ್ರ ನಾನು ಮಾತಾಡ್ತೀನಿ. ಸಿಟ್ಟು ಒಂದ್ಕಡೆ ಇರ್ಲಿ... ಹೋಗ್ಬೇಡಿ.”

“ನನ್ನ ಮೂಗು ಯಾವತ್ತೂ ಸರಿ ಹೋಗ್ದೇ ಇರ್ಬಹುದು.”

“ಗೊತ್ತು. ಮೂಸೋ ಕೆಲ್ಸ ಇನ್ಮೇಲೆ ದೊಡ್ಡವನಾದ ನಂದು. ಮಕ್ಕಳದ್ದಲ್ಲ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದೇ ಒಂದು ಅನುಮಾನ ಉಳಿದಿತ್ತು. ಅದನ್ನು ಕೇಳದೆ ಇರಲಾಗಲಿಲ್ಲ.

“ಹೋಗ್ಬೇಡಿ ಅಂತಿರೋದು ಮೆಣಸಿಗೋಸ್ಕರಾನಾ?”

“ಹಾಗಂದ್ರೆ ಸುಲಭ,” ಎಂದು ಅವನು ತಲೆ ತಗ್ಗಿಸಿದ. “ಅಲ್ಲ. ನನಗೋಸ್ಕರ.”

ಗಾಡಿಯವನು ಕೆಳಗಿನಿಂದ ಹಾರ್ನ್ ಹೊಡೆದ. ಇಬ್ಬರೂ ಕದಲಲಿಲ್ಲ.

“ಹಾಗಾದ್ರೆ ಹೋಗ್ಬೇಡಿ ಅನ್ಬೇಡಿ,” ಎಂದಳು ಅವಳು. “ಬಹುವಚನ ಬಸ್ಸಲ್ಲಿ ಬರೋರಿಗೆಲ್ಲ ಕೊಡ್ತೀರ.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಕಿವಿಯವರೆಗೂ ಕೆಂಪಾದ. ಹಿಟ್ಟು ಮೆತ್ತಿದ ಕೈಯಿಂದ ಅವಳ ಬೆರಳು ಹಿಡಿದು, ಮೆಲ್ಲಗೆ ಅಂದ:

“ಹೋಗ್ಬೇಡ.”

“ಹೋಗಲ್ಲ ಕಣೋ.”