ಹೊಸ ವೈನಿನ ವಾಸನೆ

ಹೂಡಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ವೈನ್ ಕ್ಲಬ್ ಇದೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಸೇರಿ, ನಮ್ಮಲ್ಲಿ ಯಾರೂ ಕುಡಿದಿರದ ಒಂದು ಕೆಂಪು ವೈನಿನ ರುಚಿ ನೋಡುತ್ತೇವೆ. ನನ್ನ ಗಂಡ ಅಮೋಘ್ ತೀರಿಕೊಂಡ ಮೇಲೆ ನಾನು ಹೋಗಿರಲಿಲ್ಲ. ಕಳೆದ ಜೂನ್‌ನಲ್ಲಿ ಗೆಳತಿ ಅಮೂಲ್ಯಾ ಬಲವಂತ ಮಾಡಿ ತನ್ನ ಮನೆಗೆ ಕರೆದಳು.

ನನ್ನ ಪಕ್ಕದಲ್ಲಿ ಹೊಸದಾಗಿ ಸೇರಿದ್ದ ನೀಲಾಂಬಿಕಾ ಕೂತರು. ಅವರು ಅಮೋಘ್‌ನನ್ನು ನೋಡಿದವರೇ ಅಲ್ಲ. ಒಂದೇ ಬಾಟಲಿಯಿಂದ ಎಲ್ಲರಿಗೂ ಬಗ್ಗಿಸಿದ್ದರೂ ಅವರ ಗ್ಲಾಸಿನ ಹೊರಗೆ ಮಾತ್ರ, ಫ್ರಿಜ್ಜಿನಿಂದ ತೆಗೆದ ಹಾಗೆ, ನೀರಿನ ಹನಿ ಕಟ್ಟಿತ್ತು. ಅವರು ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತಿದ್ದರು. ಹಿಂದೆ ಬರೀ ಗೋಡೆ.

“ಸಮನ್ವಿತಾ ಅವ್ರೇ, ನೀವೇನಾದ್ರೂ ಕೇಳಿದ್ರಾ?”

“ಇಲ್ವಲ್ಲ, ಯಾಕೆ?”

“ಯಾರೋ ಕಿವಿ ಹತ್ರಾನೇ ‘ಏನ್ ವಾಸನೆ ಬರ್ತಿದೆ, ಹೇಳೇ’ ಅಂತಿದಾರೆ. ಗಂಡಸಿನ ದನಿ.”

ನಾನು ಗ್ಲಾಸನ್ನು ಮೂಗಿನ ಹತ್ತಿರ ಹಿಡಿದೆ. ಜ್ವರವೊಂದು ಬಂದುಹೋದ ಮೇಲೆ ಅಮೋಘ್‌ಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಹೊಸ ವೈನ್ ಬಂದಾಗಲೆಲ್ಲ ಗುಟ್ಟಾಗಿ ನನ್ನನ್ನು ಕೇಳಿ, ನಾನು ಹೇಳಿದ ಮೇಲೆಯೇ ಕುಡಿಯುತ್ತಿದ್ದ. ಇದು ಬೇರೆ ಯಾರಿಗೂ ಗೊತ್ತಿರಲಿಲ್ಲ.

“ನೇರಳೆ ಹಣ್ಣು,” ಎಂದೆ ಮೆಲ್ಲಗೆ. “ಸ್ವಲ್ಪ ಮೆಣಸು.”

ನೀಲಾಂಬಿಕಾ ಕಿವಿ ಮುಟ್ಟಿಕೊಂಡು, “ನಿಂತೋಯ್ತು ಕಣ್ರೀ,” ಎಂದರು.

ಆಮೇಲಿನ ತಿಂಗಳುಗಳಲ್ಲಿ ನನ್ನ ಪಕ್ಕ ಕೂತ ಇನ್ನಿಬ್ಬರಿಗೂ ಆ ದನಿ ಕೇಳಿಸಿತು. ಈಗ ನನ್ನ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ. ಒಂದು ಸಲ ಆ ಖಾಲಿ ಕುರ್ಚಿಯಲ್ಲಿ ನಾನೇ ಕೂತು, ಎಲ್ಲರೂ ಎದ್ದು ಹೋಗುವ ತನಕ ಕಾದೆ. ನನಗೆ ಮಾತ್ರ ಅವನ ದನಿ ಇವತ್ತಿನವರೆಗೂ ಕೇಳಿಸಿಲ್ಲ.