ಬೋಣಿಯ ಬಾಳೆಹೂವು

"ಬಾಳೆಹೂವು ಇದೆಯಾ?"

ದನಿ ಕೇಳಿ ಲಿಯೂ ತಲೆಯೆತ್ತಿದಳು. ಅಂಗಡಿಯ ಬಾಗಿಲು ಆಗಷ್ಟೇ ತೆರೆದಿತ್ತು. ಬಾಗಿಲ ಪಕ್ಕ ನೆಲದ ಮೇಲೆ ಕೂತ ಡೊಳ್ಳುಹೊಟ್ಟೆಯ ಭೂಮಿದೇವರ ಮುಂದೆ ಅವಳು ಹಚ್ಚಿಟ್ಟ ಊದುಬತ್ತಿಯ ಬೂದಿ ಇನ್ನೂ ಉದುರಿರಲಿಲ್ಲ.

ಎದುರಿಗೆ ನಿಂತವನ ಬೂಟಿನ ತುಂಬ ಹೊಲದ ಮಣ್ಣು. ಜಪಾನಿನ ಅಕಾಗಿ ಬೆಟ್ಟದ ಒಣಗಾಳಿಗೆ ಕೆಂಪಾದ ಕಿವಿಗಳು. ಆದರೆ ಆ ಕಣ್ಣು... ವಿಯೆಟ್ನಾಮಿನ ತನ್ನೂರಿನ ಹೊಳೆಯಂಥ ಕಣ್ಣು!

ಲಿಯೂ ಎರಡನೇ ಸಲ ನೋಡಿದಳು.

"ಇದೆ. ನಿನ್ನೆ ಬಂದ ಪೆಟ್ಟಿಗೆ, ಇನ್ನೂ ಬಿಚ್ಚಿಲ್ಲ. ಸ್ವಲ್ಪ ತಡೀರಿ."

ಮೀನುರಸದ ಬಾಟಲಿಗಳನ್ನು ಅತ್ತ ಸರಿಸಿ, ಪೆಟ್ಟಿಗೆ ಎಳೆದು ಬಿಚ್ಚಿ, ಒಂದು ಹೂವನ್ನು ಅವನ ಕೈಗಿಟ್ಟಳು. ಅವನು ಅದನ್ನು ಹಸುಗೂಸಿನಂತೆ ಹಿಡಿದುಕೊಂಡ. ಅವನ ತುಟಿಯಲ್ಲಿ ನಗು ಮೂಡುವಷ್ಟರಲ್ಲಿ ಜೇಬಿನ ಫೋನು ಗುಂಯ್‌ಗುಟ್ಟಿತು.

ಅದನ್ನು ನೋಡಿದ. ಮುಖ ಬಿಳಿಚಿಕೊಂಡಿತು. ಹೂವನ್ನು ಅಕ್ಕಿ ಮೂಟೆಯ ಮೇಲಿಟ್ಟು ಹೊರಟೇಹೋದ!

"ಬೋಣಿ ಆಯ್ತೇನೇ?" ಒಳಗಿನಿಂದ ಚಿಕ್ಕಮ್ಮ ಕೂಗಿದಳು. ಅಂಗಡಿ ಅವಳದು.

"ಇಲ್ಲ ಚಿಕ್ಕಮ್ಮ... ಕೇಳಿದ, ಮುಟ್ಟಿದ, ಬಿಟ್ಟುಹೋದ."

"ಅಯ್ಯೋ! ಮೊದಲನೇ ಗಿರಾಕಿ ಬರಿಗೈಲಿ ಹೋದ್ನಾ? ನೋಡ್ತಾ ನಿಂತಿದೀಯಲ್ಲೇ, ಕಾಗದ ಸುಡು!"

ಹೊಸ್ತಿಲಲ್ಲಿ ನಿಂತು ಲಿಯೂ ಕಾಗದಕ್ಕೆ ಕಡ್ಡಿ ಗೀರಿದಳು. ಉರಿಯನ್ನು ಬಾಗಿಲಿನುದ್ದಕ್ಕೂ ಆಡಿಸುತ್ತ ಗೊಣಗಿದಳು. "ಒಳ್ಳೇದು ಉಳೀಲಿ, ಕೆಟ್ಟದ್ದು ತೊಲಗಲಿ..."

ತಲೆಯೆತ್ತಿದರೆ ಅವನು ಎದುರಿಗೇ ನಿಂತಿದ್ದ! ಮರೆತ ಕೈಗವಸಿಗಾಗಿ ಹಿಂತಿರುಗಿದ್ದ.

ಅವನು ಉರಿಯನ್ನು ನೋಡಿದ. ಅವಳನ್ನು ನೋಡಿದ. ಕೈಗವಸು ತೆಗೆದುಕೊಳ್ಳದೆಯೇ ತಿರುಗಿ ನಡೆದ.

ಬೆರಳು ಸುಟ್ಟಾಗಲೇ ಅವಳಿಗೆ ಎಚ್ಚರವಾದದ್ದು.

ಆಮೇಲೆ ಅವನು ಬರತೊಡಗಿದ. ಆದರೆ ಹೇಗೆ? ಬೆಳಿಗ್ಗೆಯೇ ಬಂದು ರಸ್ತೆಯಾಚೆಗಿನ, ಕಾಸು ಹಾಕಿದರೆ ಪಾನೀಯ ಕೊಡುವ ಯಂತ್ರದ ಬಳಿ ಸೈಕಲ್ ನಿಲ್ಲಿಸಿ, ಅಂಗಡಿಯನ್ನೇ ನೋಡುತ್ತ ಕಾಯುವುದು. ಬೇರೆ ಯಾರಾದರೂ ಹೋಗಿ, ಏನಾದರೂ ಕೊಂಡು ಹೊರಬಂದ ಮೇಲೆ ತಾನು ಒಳಬರುವುದು. ತುಳಸಿ, ಅಕ್ಕಿಹಾಳೆ, ಊದುಬತ್ತಿ. ಮಾತಿಲ್ಲ, ಕತೆಯಿಲ್ಲ. ಒಳಗೆ ಹೀಟರ್ ಉರಿಯುತ್ತಿದ್ದರೂ ಜಾಕೆಟ್ಟಿನ ಜಿಪ್ಪು ಕುತ್ತಿಗೆಯವರೆಗೆ!

'ನನ್ನನ್ನು ಹಂಗಿಸುತ್ತಿದ್ದಾನೆ...' ಲಿಯೂ ಅಂದುಕೊಂಡಳು. 'ನೀನು ಕಾಗದ ಸುಟ್ಟೆಯಲ್ಲ, ನೋಡು, ನಿನ್ನ ಬೋಣಿ ನನಗೆ ಬೇಡ ಅಂತ.'

ಹಾಗಂದುಕೊಂಡರೂ, ಪ್ರತಿ ಬೆಳಿಗ್ಗೆ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಆ ಯಂತ್ರದ ಕಡೆಗೇ. ಅವನ ಸೈಕಲ್ ಇಲ್ಲದ ದಿನ ಅಂಗಡಿಯೆಲ್ಲ ಭಣಭಣ. ಆ ಕೈಗವಸನ್ನು ಅವಳು ಗಲ್ಲಾದ ಕೆಳಗೆ ಇಟ್ಟುಕೊಂಡಿದ್ದಳು. ಕೊಡಲು ಕೈ ಬರುತ್ತಿರಲಿಲ್ಲ.

ಅಷ್ಟರಲ್ಲಿ ಇಸೆಸಾಕಿ ಸ್ಟೇಷನ್ನಿನ ಬಳಿ ಇನ್ನೊಂದು ವಿಯೆಟ್ನಾಂ ಅಂಗಡಿ ತೆರೆಯಿತು. ಭಾನುವಾರ ಸೈಕಲ್ಲುಗಳ ಮೇಲೆ ಹಿಂಡುಹಿಂಡಾಗಿ ಬರುತ್ತಿದ್ದ ಕಾರ್ಖಾನೆಯ ಹುಡುಗರು ಅತ್ತ ಹೊರಳಿದರು.

"ಈ ತೆತ್ ಹೊಸವರ್ಷದ ಹಬ್ಬಕ್ಕೂ ವ್ಯಾಪಾರ ಕೈಕೊಟ್ರೆ ಬಾಗಿಲು ಹಾಕೋದೇ ಮಗಳೇ," ಎಂದಳು ಚಿಕ್ಕಮ್ಮ. "ಅವತ್ತಿನ ಬೋಣಿ ಕೆಟ್ಟಿದ್ದೇ ಕೆಟ್ಟಿದ್ದು."

ಲಿಯೂಳ ಎದೆಯಲ್ಲಿ ಸಂಶಯದ ಹಾವು ಹೆಡೆಯೆತ್ತಿತು. ಯಾರು ಬಂದರು, ಏನು ಕೊಂಡರು ಎಂದು ಹೊರಗೆ ನಿಂತು ನೋಡುವವನು ಯಾಕೆ ನೋಡುತ್ತಾನೆ?

ಹಬ್ಬದ ಹಿಂದಿನ ಭಾನುವಾರ ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ನೂಡಲ್ ಅಂಗಡಿಯ ಲೋಕ್ ಮಾಮ ಮೆಣಸಿನಕಾಯಿ ಆರಿಸುತ್ತ ನಗೆಚಟಾಕಿ ಹಾರಿಸುತ್ತಿದ್ದ. ಆಗ ಆ ಸೈಕಲ್ಲಿನವನು ಒಳಬಂದು ಊದುಬತ್ತಿಯ ಕಟ್ಟಿಗೆ ಕೈಚಾಚಿದ.

"ಅದನ್ನಿಡಿ ಅಲ್ಲೇ!"

ಎಲ್ಲರೂ ಲಿಯೂಳ ಕಡೆ ತಿರುಗಿದರು.

"ಸ್ಟೇಷನ್ ಹತ್ರದವರು ಕಳಿಸಿದಾರಾ ನಿಮ್ಮನ್ನ? ಕಳ್ಳನ ಹಾಗೆ ಎದುರಿಗೆ ನಿಂತು ನಮ್ಮ ಗಿರಾಕಿಗಳನ್ನ ಎಣಿಸ್ತೀರಲ್ಲ, ನಾಚಿಕೆ ಆಗಲ್ವಾ? ಕಾಗದ ಸುಟ್ಟಿದ್ದು ಸಾಲಲಿಲ್ವಾ ನಿಮಗೆ?"

ಅವನು ಊದುಬತ್ತಿಯನ್ನು ಮೆಲ್ಲಗೆ ಕೆಳಗಿಟ್ಟ. ಜಾಕೆಟ್ಟಿನ ಜಿಪ್ಪನ್ನು ಕೆಳಗೆಳೆದ.

ಅಂಗಿಯ ಎದೆಯ ಮೇಲೆ ಪಿನ್ನು ಚುಚ್ಚಿದ್ದ ಕಪ್ಪು ಬಟ್ಟೆಯ ತುಂಡು... ವರ್ಷ ತುಂಬುವವರೆಗೂ ತೆಗೆಯದ ಸೂತಕದ ಗುರುತು!

"ಅವತ್ತು ಇಲ್ಲಿ ನಿಂತಿದ್ದಾಗಲೇ ಸುದ್ದಿ ಬಂತು. ಅಮ್ಮ ಹೋದರು ಅಂತ." ಅವನ ದನಿ ಏರಲಿಲ್ಲ. "ಹುಷಾರಿರಲಿಲ್ಲ ಅವರಿಗೆ. ಬಾಳೆಹೂವಿನ ಕೋಸಂಬರಿ ಮಾಡಿ ಫೋನಲ್ಲಿ ತೋರಿಸೋ, ನೋಡಿಯಾದ್ರೂ ತಿಂತೀನಿ ಅಂದಿದ್ದರು. ನೀವು ಕಾಗದ ಸುಟ್ಟಿದ್ದು ಸರಿಯೇ. ನಾನು ಸಾವನ್ನ ಹೊತ್ತು ನಿಮ್ಮ ಅಂಗಡಿಗೆ ಬಂದವನು. ಅದಕ್ಕೇ ಮೊದಲು ಕಾಲಿಡ್ತಿರಲಿಲ್ಲ. ಬೇರೆಯವರ ಬೋಣಿ ಆಗಲಿ, ಆಮೇಲೆ ಹೋದರೆ ನನ್ನ ನೆರಳು ನಿಮಗೆ ತಾಕಲ್ಲ ಅಂತ..."

ಲೋಕ್ ಮಾಮ ಮೆಣಸಿನಕಾಯಿಯ ಚೀಲ ಕೆಳಗಿಟ್ಟ.

"ಮತ್ತೆ... ಯಾಕೆ ಬರ್ತಿದ್ರಿ?" ಲಿಯೂ ಕೇಳಿದಳು.

ಅವನು ಅವಳನ್ನು ಒಮ್ಮೆ ನೋಡಿ, ಜಿಪ್ಪು ಎಳೆದುಕೊಂಡು ಹೊರಟುಹೋದ.

"ಖಾಂಗ್ ಅಂತ ಅವನ ಹೆಸರು," ಲೋಕ್ ಮಾಮ ಗೊಣಗಿದ. "ಈರುಳ್ಳಿ ಹೊಲದಲ್ಲಿ ಕೆಲಸ. ಕೊಯ್ಲಿನ ಹೊತ್ತು, ಯಜಮಾನ ರಜೆ ಕೊಡಲಿಲ್ಲ. ಮಣ್ಣಿಗೂ ಹೋಗೋಕಾಗಲಿಲ್ಲ ಪಾಪ. ನಿನ್ನ ನಾಲಿಗೆಗೊಂದು ಬೀಗ ಹಾಕ್ಬಾರದೇನೇ ಹುಡುಗಿ!"

ಮರುದಿನ ಯಂತ್ರದ ಬಳಿ ಸೈಕಲ್ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ.

ಲಿಯೂ ಭೂಮಿದೇವರ ಮುಂದೆ ಕೂತಳು. ಉಳಿದ ದೇವರೆಲ್ಲ ಎತ್ತರದಲ್ಲಿ ಕೂತು ಮುಖ ನೋಡುತ್ತಾರೆ. ಈ ದೇವರು ನೆಲದಲ್ಲಿ ಕೂತು ಒಳಬರುವವರ ಕಾಲನ್ನೇ ನೋಡುತ್ತಾನೆ. 'ಅವನ ಕಾಲಿನಲ್ಲಿ ನೀನು ಏನು ಕಂಡೆಯಪ್ಪಾ? ನನಗೆ ಯಾಕೆ ಕಾಣಲಿಲ್ಲ?' ದೇವರು ಎಂದಿನಂತೆ ನಗುತ್ತಿದ್ದ. ಅವಳ ಕಣ್ಣೀರು ಊದುಬತ್ತಿಯ ಬೂದಿಯಲ್ಲಿ ಬಿತ್ತು.

ತೆತ್ ಹಬ್ಬದ ಬೆಳಗು. ಜಪಾನಿಗೆ ಅದು ಬರೀ ಕೆಲಸದ ದಿನ. ಆದರೂ ಬಾಗಿಲಿಗೆ ಪೀಚ್ ಹೂವಿನ ಕೊಂಬೆ, ದೇವರ ಮುಂದೆ ಕಿತ್ತಳೆ. ವರ್ಷದ ಮೊದಲ ಗಿರಾಕಿಯಾಗಿ ಲೋಕ್ ಮಾಮ ಬರಬೇಕೆಂದು ಚಿಕ್ಕಮ್ಮ ಮೊದಲೇ ಗೊತ್ತುಮಾಡಿದ್ದಳು. ತುಂಬಿದ ಸಂಸಾರ, ಉರುಟು ಹೊಟ್ಟೆ, ಕೂಡಿಬಂದ ರಾಶಿ. ಅಂಥವನ ಕಾಲ್ಗುಣ ಇಡೀ ವರ್ಷ ಕಾಯುತ್ತದೆ.

ಕೆಂಪು ಟೈ ಕಟ್ಟಿಕೊಂಡು ಮಾಮ ಬಂದ. ಹೊಸ್ತಿಲ ಬಳಿ ಗಂಟಲು ಸರಿಮಾಡಿಕೊಂಡ. ಬಲಗಾಲು ಎತ್ತಿದ.

ಅವನ ಹೆಗಲಾಚೆ ಲಿಯೂಗೆ ಕಂಡಿತು... ಯಂತ್ರದ ಬಳಿ ಸೈಕಲ್! ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದ ಖಾಂಗ್!

"ಮಾಮ, ನಿಲ್ಲಿ!"

ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. "ಏನೇ? ಬೀಳ್ತೀನಿ ಕಣೇ!"

"ಚಿಕ್ಕಮ್ಮ, ಬೋಣಿ ಅವರು ಮಾಡ್ಲಿ."

ಚಿಕ್ಕಮ್ಮ ರಸ್ತೆಯಾಚೆ ನೋಡಿದಳು. ಅವಳ ಮುಖ ಕಪ್ಪಿಟ್ಟಿತು. "ಹುಚ್ಚು ಹಿಡೀತಾ ನಿಂಗೆ? ಸೂತಕದವನು! ಹಬ್ಬದ ದಿನ! ಅಂಗಡಿ ಇವತ್ತೋ ನಾಳೆಯೋ ಅನ್ನೋ ಹಾಗಿದೆ..."

"ಸೂತಕದ ಮೊದಲನೇ ಗಳಿಗೇಲಿ ಅವರ ಮುಖಕ್ಕೆ ಬೆಂಕಿ ಹಿಡಿದಿದ್ದು ನಾನು ಚಿಕ್ಕಮ್ಮ. ಅಂಗಡಿ ಕೆಟ್ಟಿದ್ದು ಅವರ ಕಾಲಿಂದಲ್ಲ. ನನ್ನ ಕೈಯಿಂದ ಇರಬೇಕು."

ಚಿಕ್ಕಮ್ಮ ರಸ್ತೆಯಾಚೆಯಿಂದ ಕಣ್ಣು ಕೀಳಲಿಲ್ಲ. ಕೈ ತಾನಾಗಿ ಹಣೆಯ ಮೇಲೆ ಹೋಯಿತು.

"ದೇಶ ಬಿಟ್ಟೋಡಿ, ದೋಣಿಯಿಂದಿಳಿದು ಇಲ್ಲಿಗೆ ಬಂದಾಗ ನನ್ನ ಹಣೆ ಮೇಲೂ ಸೂತಕದ ಬಿಳೀ ಪಟ್ಟಿ ಇತ್ತು," ಎಂದಳು ಕೊನೆಗೆ. "ದಾರೀಲಿ ತೀರಿಕೊಂಡ ಅಪ್ಪನ್ನ ಸಮುದ್ರಕ್ಕೆ ಬಿಟ್ಟು ಬಂದಿದ್ದೆ. ಬಾಗಿಲು ತೆರೆದ ಮುದುಕಿ ಕಾಗದ ಸುಡಲಿಲ್ಲ ಕಣೇ. ಅನ್ನ ಇಟ್ಟಳು..." ಏಪ್ರನ್ನಿನ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. "ಲೋಕ್, ಕಾಲು ಕೆಳಗಿಡೋ. ಹೊರಗೆ ಇಡು!"

ಲಿಯೂ ಆಗಲೇ ರಸ್ತೆ ದಾಟಿದ್ದಳು. ಗಲ್ಲಾದ ಕೆಳಗಿನ ಕೈಗವಸು ಕೈಯಲ್ಲಿತ್ತು.

"ಬನ್ನಿ. ಬೋಣಿ ಮಾಡಿ."

ಖಾಂಗ್ ಎರಡು ಹೆಜ್ಜೆ ಹಿಂದೆ ಸರಿದ. "ಇವತ್ತು ಬೇಡ. ಅಮ್ಮನಿಗೆ ಮೊದಲನೇ ಹಬ್ಬದ ಎಡೆ... ಬಾಳೆಹೂವು ಬೇರೆಲ್ಲೂ ಸಿಗಲಿಲ್ಲ. ಎಲ್ಲರದೂ ಆಗಲಿ, ಕಾಯ್ತೀನಿ."

"ನಾನು ತೆಗೆದಿಟ್ಟಿದೀನಿ. ಆದರೆ ನೀವು ಬರೋವರೆಗೂ ಯಾರಿಗೂ ಬಾಗಿಲಿಲ್ಲ. ನೋಡಿ, ಮಾಮ ನಡುಗ್ತಿದಾರೆ."

"ವ್ಯಾಪಾರ ಕೆಟ್ಟರೆ?"

"ಕೆಡಲಿ! ನೀವು ಹೊರಗೆ ನಿಂತಿದ್ದಾಗ ಕೆಟ್ಟಿದ್ದಕ್ಕಿಂತ ಜಾಸ್ತಿ ಏನು ಕೆಡತ್ತೆ?" ಅವಳ ದನಿ ಒಡೆಯಿತು. "ಅವತ್ತು ತಪ್ಪು ಮಾಡಿದೆ. ಕ್ಷಮಿಸಿ..."

ಅವನು ಕೈಗವಸು ತೆಗೆದುಕೊಂಡ. ಅವಳ ಹಿಂದೆ ನಡೆದ. ಹೊಸ್ತಿಲಲ್ಲಿ ಬೂಟು ಕೊಡವಿ, ನಗುವ ದೇವರಿಗೆ ಕೈಮುಗಿದು, ಒಳಗೆ ಕಾಲಿಟ್ಟ.

ಲಿಯೂ ಬಾಳೆಹೂವನ್ನು ಎರಡೂ ಕೈಯಲ್ಲಿ ಅವನಿಗೆ ಕೊಟ್ಟಳು. ಈ ಸಲ ಅವನು ಅದನ್ನು ಕೆಳಗಿಡಲಿಲ್ಲ.

"ಅವತ್ತು ಕೇಳಿದೆ, ಯಾಕೆ ಬರ್ತಿದ್ರಿ ಅಂತ. ಇನ್ನೂ ಹೇಳಿಲ್ಲ ನೀವು."

"ತುಳಸಿ ಹೊಲದ ಪಕ್ಕದಲ್ಲೇ ಸಿಗತ್ತೆ ಲಿಯೂ." ಅವನ ಕಿವಿ ಮತ್ತೆ ಕೆಂಪಾಯಿತು. "ಈಗ ಇಷ್ಟೇ ಹೇಳೋಕಾಗೋದು. ಸೂತಕ ಕಳೀದೆ ಮಿಕ್ಕಿದ್ದು ಕೇಳೋ ಹಾಗಿಲ್ಲ. ಕಾಯ್ತೀರಾ?"

"ಆ ಯಂತ್ರದ ಹತ್ರ ನಿಂತ್ಕೊಂಡಾ?"

ಅವನು ನಕ್ಕ. "ಒಳಗೆ."

"ಹಾಗಾದ್ರೆ ಜಾಕೆಟ್ಟು ಬಿಚ್ಚಿ," ಎಂದಳು ಲಿಯೂ, ಕಣ್ಣೊರೆಸಿಕೊಳ್ಳುತ್ತ. "ಹೀಟರ್ ಹಾಕಿದೀನಿ."